ಹಿತ್ತಿಲ ಗೂಬೆಗೊಂದು ಪೊಟರೆ

ಮಂಗಳೂರು, ಉಡುಪಿ, ಮಣಿಪಾಲದ ಹಿತ್ತಿಲುಗಳಲ್ಲಿ ಮುಸ್ಸಂಜೆಯ ಹೊತ್ತಿಗೆ ಕೇಳಿಬರುವ ಗೂಬೆಯ ದನಿ ಒಂದೇ ಹಕ್ಕಿಯದಲ್ಲ. ಇಬ್ಬರು ಜಗಳಕ್ಕೆ ನಿಂತಂತೆ ‘ಚಿರ್ರ್ ಚಿರ್ರ್’ ಎಂದು ಒಂದರ ಮೇಲೊಂದು ಕರ್ಕಶವಾಗಿ ಕೂಗಿಕೊಂಡರೆ ಅದು ಹಾಲಕ್ಕಿ, ಅಂದರೆ ಚುಕ್ಕೆ ಗೂಬೆಯ ಜೋಡಿ. ನಿಧಾನವಾಗಿ ಆರಂಭವಾಗಿ, ಬರಬರುತ್ತಾ ವೇಗ ಪಡೆದು, ಕೊನೆಗೆ ತಗ್ಗಿಹೋಗುವ ಕೂಗು ಮೈಮೇಲೆ ಅಡ್ಡಪಟ್ಟೆಗಳಿರುವ ಅಡವಿ ಹಾಲಕ್ಕಿಯದು. ಸ್ವಲ್ಪ ಬಿಡುವು ಕೊಟ್ಟು ಒಂದೇ ಒಂದು ಸ್ವರವನ್ನು ‘ವಕ್?’ ಎಂದು ಪ್ರಶ್ನೆ ಕೇಳುವ ಧಾಟಿಯಲ್ಲಿ ಮತ್ತೆ ಮತ್ತೆ ಹೇಳುವುದು ತಲೆಯ ಮೇಲೆ ಕಿವಿಯಂತಹ ಗರಿಗಳಿರುವ ಮತ್ತೊಂದು ಪುಟ್ಟ ಗೂಬೆ. ‘ಗೂಬೆ ಕೂಗಿತು’ ಎಂದು ಕಿಟಕಿ ಮುಚ್ಚಿಕೊಳ್ಳುವವರು ಈ ವ್ಯತ್ಯಾಸಗಳನ್ನು ಗಮನಿಸುವುದಿಲ್ಲ. ಗಮನಿಸಿದರೆ ಹತ್ತಿಪ್ಪತ್ತು ಸೆಂಟ್ಸಿನ ತೋಟದಲ್ಲೂ ಎರಡು ಮೂರು ಜಾತಿಯ ಗೂಬೆಗಳು ಬದುಕು ಸಾಗಿಸುತ್ತಿರುವುದು ಗೊತ್ತಾದೀತು. ಇವುಗಳಲ್ಲಿ ಅಡವಿ ಹಾಲಕ್ಕಿ ನಮಗೆ ವಿಶೇಷವಾಗಿ ಸೇರಿದ್ದು. ದಕ್ಷಿಣ ಕೊಂಕಣದಿಂದ ಕೇರಳದವರೆಗಿನ ಮಳೆಯ ಪಟ್ಟಿಯಲ್ಲಿರುವ ಈ ಗೂಬೆಯ ತಲೆ ಒಳನಾಡಿನ ಅಡವಿ ಹಾಲಕ್ಕಿಯದಕ್ಕಿಂತ ಹೆಚ್ಚು ಕೆಂಗಂದಾಗಿರುವುದರಿಂದ ವಿಜ್ಞಾನಿಗಳು ಇದನ್ನು ‘ಮಲಬಾರಿಕಮ್’ ಎಂಬ ಪ್ರತ್ಯೇಕ ಉಪಜಾತಿಯಾಗಿ ಗುರುತಿಸಿದ್ದಾರೆ.

ಮನುಷ್ಯರ ವಾಸಕ್ಕೆ ತೀರ ಸಮೀಪ ಬರುವುದು ಮಾತ್ರ ಚುಕ್ಕೆ ಗೂಬೆಯೇ. ಉದ್ದ ಸುಮಾರು 21 ಸೆಂ.ಮೀ., ತೂಕ ನೂರು ಗ್ರಾಮಿಗಿಂತ ತುಸು ಹೆಚ್ಚು; ಬಿಳಿ ಹುಬ್ಬು, ಹಳದಿ ಕಣ್ಣು, ಕಂದು ಮೈಮೇಲೆ ಬಿಳಿಯ ಚುಕ್ಕೆ. ಹಗಲಿನಲ್ಲೂ ಪೊಟರೆಯ ಬಾಯಿಗೆ ಬಂದು ಬಿಸಿಲು ಕಾಯಿಸುವ ಈ ಹಕ್ಕಿ ನಮ್ಮನ್ನು ಕಂಡೊಡನೆ ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಆಡಿಸುತ್ತದೆ. ಮಕ್ಕಳಿಗೆ ಇದು ಅಣಕಿಸಿದಂತೆ ಕಾಣುತ್ತದೆಯಾದರೂ ಅದು ಮಾಡುತ್ತಿರುವುದು ಅಳತೆಯ ಕೆಲಸ. ಗೂಬೆಯ ಕಣ್ಣು ನಮ್ಮದರಂತೆ ಗೋಲಾಕಾರವಲ್ಲ, ಕೊಳವೆಯ ಆಕಾರದ್ದು; ಎಲುಬಿನ ಉಂಗುರದೊಳಗೆ ಬಿಗಿಯಾಗಿ ಕೂತಿರುವುದರಿಂದ ಗುಡ್ಡೆಯನ್ನು ಹೊರಳಿಸಲು ಬರುವುದಿಲ್ಲ. ಆದುದರಿಂದ ತಲೆಯನ್ನೇ ಸರಿಸಿ, ಎರಡು ಬೇರೆ ಬೇರೆ ಕೋನಗಳಿಂದ ನೋಡಿ, ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಅದು ನಿರ್ಧರಿಸುತ್ತದೆ. ನಮ್ಮ ಕುತ್ತಿಗೆಯಲ್ಲಿ ಏಳು ಎಲುಬುಗಳಿದ್ದರೆ ಗೂಬೆಗೆ 14. ಕುತ್ತಿಗೆಯನ್ನು ಸುಮಾರು 270 ಡಿಗ್ರಿ ತಿರುಗಿಸಿದರೂ ಮಿದುಳಿನ ರಕ್ತಸಂಚಾರ ನಿಲ್ಲದಿರುವುದಕ್ಕೆ, ಆ ಎಲುಬುಗಳಲ್ಲಿ ರಕ್ತನಾಳ ಹಾದುಹೋಗುವ ರಂಧ್ರಗಳು ನಾಳಕ್ಕಿಂತ ಹಲವು ಪಟ್ಟು ಅಗಲವಾಗಿರುವುದೂ ಒಂದು ಕಾರಣ.

ಅದು ತಿನ್ನುವುದೇನೆಂದು ತಿಳಿಯಬೇಕಾದರೆ ಬೈನಾಕ್ಯುಲರ್ ಬೇಡ, ಕೂರುವ ಕೊಂಬೆಯ ಕೆಳಗಿನ ನೆಲವನ್ನು ನೋಡಿದರೆ ಸಾಕು. ಸುಣ್ಣ ಚೆಲ್ಲಿದಂತಹ ಹಿಕ್ಕೆಯ ನಡುವೆ ಬೂದುಗಪ್ಪು ಬಣ್ಣದ ಒಣ ಉಂಡೆಗಳು ಬಿದ್ದಿರುತ್ತವೆ. ಇವು ಹಿಕ್ಕೆಯಲ್ಲ, ಜೀರ್ಣವಾಗದ ಭಾಗವನ್ನು ಹೊಟ್ಟೆಯೊಳಗೇ ಒತ್ತಿ ಉಂಡೆಯಾಗಿಸಿ ಗೂಬೆ ಬಾಯಿಯಿಂದ ಹೊರಹಾಕಿದ್ದು. ಕೈಗವಸು ತೊಟ್ಟು ಒಂದನ್ನು ನೀರಿನಲ್ಲಿ ನೆನೆಸಿ ಹಳೆಯ ಪತ್ರಿಕೆಯ ಮೇಲೆ ಚಿಮಟದಿಂದ ಬಿಡಿಸಿದರೆ ದುಂಬಿಗಳ ಹೊಳೆಯುವ ಗಟ್ಟಿ ರೆಕ್ಕೆಗಳು, ಮಿಡತೆಯ ಕಾಲಿನ ಗರಗಸದಂತಹ ಮುಳ್ಳುಗಳು, ಕೆಲವೊಮ್ಮೆ ಹಲ್ಲಿಯ ದವಡೆ ಅಥವಾ ಚಿಟ್ಟಿಲಿಯ ಕಿತ್ತಳೆ ಬಣ್ಣದ ಬಾಚಿಹಲ್ಲು ಸಿಗುತ್ತವೆ. ಮುಂಗಾರಿನ ಮೊದಲ ಮಳೆಗೆ ಗೆದ್ದಲಿನ ಈಸಲುಗಳು ನೆಲದಿಂದ ಎದ್ದಾಗ ಬೀದಿದೀಪದ ಕೆಳಗೆ ಇದಕ್ಕೆ ಹಬ್ಬ. ಆದರೆ ಹಾರುವಾಗ ವಾಹನಕ್ಕೆ ಸಿಕ್ಕಿ ಸಾಯುವುದೂ ಅಲ್ಲಿಯೇ.

ಇಷ್ಟು ಒಗ್ಗಿಹೋದ ಹಕ್ಕಿಗೆ ಆಹಾರಕ್ಕಿಂತ ದೊಡ್ಡ ಕೊರತೆ ಮನೆಯದು. ಚುಕ್ಕೆ ಗೂಬೆಯಾಗಲಿ ಅಡವಿ ಹಾಲಕ್ಕಿಯಾಗಲಿ ಮರ ಕೊರೆಯಲಾರವು, ಕಡ್ಡಿ ಜೋಡಿಸಿ ಗೂಡು ಕಟ್ಟುವುದೂ ಇಲ್ಲ. ಮರಕುಟಿಗವೋ ಕುಟ್ರ ಹಕ್ಕಿಯೋ ಕೊರೆದು ಬಿಟ್ಟುಹೋದ ತೂತು, ಕೊಂಬೆ ಮುರಿದ ಜಾಗದಲ್ಲಿ ಕೊಳೆತು ಉಂಟಾದ ಪೊಟರೆ, ಇಲ್ಲವೇ ಗೋಡೆಯ ಸಂದು, ಇವಿಷ್ಟೇ ಅವುಗಳ ಆಯ್ಕೆ. ದಕ್ಷಿಣ ಭಾರತದಲ್ಲಿ ಚುಕ್ಕೆ ಗೂಬೆ ಮೊಟ್ಟೆಯಿಡುವ ಕಾಲ ನವೆಂಬರಿನಿಂದ ಏಪ್ರಿಲ್. ಒಂದು ಸಲಕ್ಕೆ ಮೂರೋ ನಾಲ್ಕೋ ಮೊಟ್ಟೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಹರಡಿದ ಹಂಚಿನ ಮಾಡು ಮತ್ತು ಗಿಲಾಯಿ ಕಾಣದ ಮುರಕಲ್ಲಿನ ಗೋಡೆಗಳಲ್ಲಿ ಇಂತಹ ಸಂದುಗಳಿಗೆ ಬರವಿರಲಿಲ್ಲ. ಈಗಿನ ಆರ್‌ಸಿಸಿ ಮನೆಯಲ್ಲಿ ಬೆರಳು ತೂರುವಷ್ಟೂ ಜಾಗವಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದಾಗ ದಾರಿಬದಿಯ ಹಳೆಯ ಮರಗಳು ಹೋದವು. ಬದಲಿಗೆ ಸಸಿ ನೆಟ್ಟರೂ ಅದರಲ್ಲಿ ಪೊಟರೆ ಮೂಡಲು ಹಲವು ದಶಕಗಳೇ ಬೇಕು. ‘ಒಂದು ಮರಕ್ಕೆ ಹತ್ತು ಸಸಿ’ ಎಂಬ ನಮ್ಮ ಲೆಕ್ಕ ಗೂಬೆಯ ಪಾಲಿಗೆ ಲೆಕ್ಕವೇ ಅಲ್ಲ.

ನಾಗಬನಗಳ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಕತ್ತಿ ಮುಟ್ಟಿಸಬಾರದೆಂಬ ಕಟ್ಟುಪಾಡಿನಿಂದಾಗಿ ಊರ ನಡುವೆಯೂ ಮುದಿ ಮರಗಳು ಉಳಿದದ್ದು ಅಲ್ಲಿ. ಜೀರ್ಣೋದ್ಧಾರದ ಹೆಸರಿನಲ್ಲಿ ಬನವನ್ನು ಬೋಳಿಸಿ, ಸುತ್ತ ಕಾಂಕ್ರೀಟಿನ ಕಟ್ಟೆ ಕಟ್ಟಿ, ನೆಲಕ್ಕೆ ಗ್ರಾನೈಟ್ ಹಾಸಿದ ಉದಾಹರಣೆಗಳು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿವೆ. ನಾಗನಿಗೆ ತಂಪು ಬೇಕೆಂದು ಹಾಲು, ಸೀಯಾಳದ ತನು ಎರೆಯುವ ನಾವೇ ನೆರಳನ್ನು ಕಡಿದುಹಾಕುವುದು ನನಗೆ ಅರ್ಥವಾಗದ ಸಂಗತಿ. ಬನವನ್ನು ಬನವಾಗಿಯೇ ಉಳಿಸಿದರೆ ಗೂಬೆಗೆಂದು ಬೇರೇನನ್ನೂ ಮಾಡಬೇಕಿಲ್ಲ.

ತೋಟದವರ ಕೈಯಲ್ಲಿರುವುದು ಇಲಿ ಪಾಷಾಣ. ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೋಲೋನ್ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೊಲ್ಲುತ್ತವೆ. ಆದರೆ ಒಡನೆಯೇ ಅಲ್ಲ, ಕೆಲವು ದಿನಗಳ ನಂತರ. ಈ ನಡುವೆ ನಿತ್ರಾಣಗೊಂಡು ತೂರಾಡುವ ಇಲಿ ಗೂಬೆಗೆ ಸುಲಭದ ತುತ್ತು, ಮತ್ತು ಇಲಿಯ ಯಕೃತ್ತಿನಲ್ಲಿ ಉಳಿದ ವಿಷ ಗೂಬೆಯ ಮೈ ಸೇರುತ್ತದೆ. ಬೋನು ಇಡುವುದು ತುಸು ರಗಳೆಯಾದರೂ ಅದರಲ್ಲಿ ಈ ಅಪಾಯವಿಲ್ಲ. ಮಂಗಳೂರಿನ ಬಂದರಿನೊಂದಿಗೆ ಹಳೆಯ ವ್ಯಾಪಾರ ಸಂಬಂಧವಿರುವ ಲಕ್ಷದ್ವೀಪದಲ್ಲಿ, ತೆಂಗು ಹಾಳುಮಾಡುವ ಇಲಿಗಳನ್ನು ಹತೋಟಿಗೆ ತರಲು ಕವರತ್ತಿ ದ್ವೀಪಕ್ಕೆ ಕಣಜ ಗೂಬೆಗಳನ್ನು ಒಯ್ದು ಬಿಟ್ಟು ನೋಡಿದ್ದಾರೆ. ಅಲ್ಲಿ ಸಮುದ್ರ ದಾಟಿಸಿ ತರಬೇಕಾಯಿತು. ನಮ್ಮಲ್ಲಿ ಕರೆಯದೆಯೇ ಬಂದಿವೆ.

ಗೂಬೆ ಕೂತ ಮನೆ ಹಾಳು ಎಂಬ ಮಾತು ಇನ್ನೂ ಸತ್ತಿಲ್ಲ, ಹಾಗಿದ್ದೂ ಬುಡುಬುಡಿಕೆಯವರು ‘ಹಾಲಕ್ಕಿ ನುಡಿಯಿತು’ ಎಂದರೆ ಶುಭವೆಂದು ಅಕ್ಕಿ ನೀಡಿದವರೂ ನಾವೇ. ನಂಬಿಕೆಗಿಂತ ಕೆಟ್ಟದ್ದು ಅದರ ಸುತ್ತ ಬೆಳೆದ ವ್ಯಾಪಾರ. ದೇಶದ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿಗಳು ಮಾಟಮಂತ್ರಕ್ಕಾಗಿ, ಮುಖ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ, ಮಾರಾಟವಾಗುತ್ತಿರುವುದನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ‘ಟ್ರಾಫಿಕ್’ ಸಂಸ್ಥೆಯ 2010ರ ವರದಿ ದಾಖಲಿಸಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆಯನ್ನು ಹಿಡಿಯುವುದು, ಮಾರುವುದು ಅಪರಾಧ.

ಮರಿ ಕೆಳಗೆ ಬಿದ್ದು ಕಾಗೆಗಳು ಮುತ್ತಿಕೊಂಡರೆ ಅದನ್ನು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗುವವರೆಗೆ ಇರಿಸಿ, ಸಂಜೆ ಪೊಟರೆಯ ಹತ್ತಿರದ ಕೊಂಬೆಗೆ ಬಿಟ್ಟು ದೂರ ಸರಿಯಬೇಕು. ಹಾಲು, ಅನ್ನ ಬೇಡವೇ ಬೇಡ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ದನಿ ಕೇಳಿ ಬಂದು ಉಣಿಸುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದೇ ದಾರಿ.

ಪೊಟರೆಯ ಮರವೇ ಇಲ್ಲದ ಹಿತ್ತಿಲಿನಲ್ಲಿ ಮರದ ಪೆಟ್ಟಿಗೆ ಕಟ್ಟಿ ನೋಡಬಹುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿಯಲ್ಲಿ ಪ್ಲೈವುಡ್ ಬಾಳದು. ಹಲಸಿನ ಹಲಗೆಯಾದರೆ ಒಳ್ಳೆಯದು, ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿರಬೇಕು, ಬಾಯಿ ಗಾಳಿಮಳೆ ಬಡಿಯುವ ಪಡುವಣ ದಿಕ್ಕಿಗೆ ಇರಕೂಡದು. ಅಕ್ಟೋಬರಿನೊಳಗೆ ಕಟ್ಟಿದರೆ ಮೊಟ್ಟೆಯ ಕಾಲಕ್ಕೆ ಸಿದ್ಧವಾಗಿರುತ್ತದೆ. ಗೂಬೆಗಿಂತ ಮೊದಲು ಮೈನಾ ಬಂದು ನೆಲೆಸುವುದುಂಟು. ತುಡುವೆ ಜೇನು ಹೊಕ್ಕರೆ ಅದನ್ನು ನಷ್ಟವೆಂದು ನಮ್ಮ ಕಡೆಯ ಯಾರೂ ಬಗೆಯುವುದಿಲ್ಲ. ಆದರೆ ಗೂಬೆಗೆ ಇನ್ನೊಂದು ಪೆಟ್ಟಿಗೆ ಕಟ್ಟಬೇಕಾಗುತ್ತದೆ.