ರನ್‌ವೇ ಬಿರುಕು ಯಾರ ಲೆಕ್ಕದಲ್ಲಿದೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಈಸ್ಟ್‌ರಿಡ್ಜ್ ಮಾಲ್ ಹತ್ತಿರ ಸ್ವಲ್ಪ ಹೊತ್ತು ನಿಂತರೆ ತಲೆ ಮೇಲೆ ಪುಟ್ಟ ಸೆಸ್ನಾ ವಿಮಾನ ಒಂದು ಗುಂಯ್ ಅಂತ ಹಾದುಹೋಗುತ್ತದೆ. ಪಕ್ಕದಲ್ಲೇ ರೀಡ್-ಹಿಲ್‌ವ್ಯೂ ಏರ್‌ಪೋರ್ಟ್ ಇದೆ. ಬೆಂಗಳೂರಿನ ಜಕ್ಕೂರು ನೋಡಿದವರಿಗೆ ಈ ನೋಟ ಹೊಸದಲ್ಲ: ನಡುವೆ ಬಯಲು, ಸುತ್ತ ಊರು. ಮೊನ್ನೆ ಊರಿಂದ ಬಂದಿದ್ದ ನಮ್ಮ ಭಾವ ಅದನ್ನು ನೋಡಿ, "ಇಷ್ಟು ಬೆಲೆಬಾಳೋ ಜಾಗದಲ್ಲಿ ಇದರಿಂದ ದುಡ್ಡು ಹುಟ್ಟುತ್ತೇನ್ರಿ?" ಅಂದರು. ಇಂಥ ಸಣ್ಣ ಏರ್‌ಫೀಲ್ಡ್‌ಗಳ ಬಾಡಿಗೆ, ಖರ್ಚಿನ ಲೆಕ್ಕ ಹಾಕುವುದೇ ನನ್ನ ಕೆಲಸ. ಆದರೂ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ.

ವಿಮಾನ ಇಳಿದಾಗಲೆಲ್ಲ ಕಾಸು ಬೀಳುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅಮೆರಿಕದ ಬಹುಪಾಲು ಸಣ್ಣ ಫೀಲ್ಡ್‌ಗಳಲ್ಲಿ ಹಗುರ ವಿಮಾನಕ್ಕೆ ಇಳಿಯುವ ಶುಲ್ಕವೇ ಇಲ್ಲ. ಆದಾಯ ಬರುವುದು ಮುಖ್ಯವಾಗಿ ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್‌ಗಳ ಬಾಡಿಗೆಯಿಂದ. ಜೊತೆಗೆ ಫ್ಲೈಯಿಂಗ್ ಸ್ಕೂಲು, ರಿಪೇರಿ ಅಂಗಡಿಗಳ ಜಾಗದ ಬಾಡಿಗೆ. ಇಂಧನದಲ್ಲಿ ಗ್ಯಾಲನ್‌ಗೆ ಇಷ್ಟು ಸೆಂಟ್ ಅಂತ ಸಿಗುವುದು ಅದರ ಮೇಲಿನ ಚಿಲ್ಲರೆ.

ಈ ಹ್ಯಾಂಗರ್ ಬಾಡಿಗೆಯದೇ ಒಂದು ಕಥೆ. ಒಮ್ಮೆ ಒಂದು ಊರಿನ ಫೀಲ್ಡ್‌ಗೆ ಹ್ಯಾಂಗರ್ ಎಣಿಸಲು ಹೋಗಿದ್ದೆ. ತಗಡಿನ ಬಾಗಿಲು ಕಿರ್ರೆನ್ನುತ್ತ ಸರಿಯಿತು. ಒಳಗೆ ವಿಮಾನವೇ ಇಲ್ಲ. ಒಂದು ದೋಣಿ, ಸ್ಪ್ರಿಂಗ್ ಕಿತ್ತುಬಂದ ಸೋಫಾ, ಬಿಯರ್ ತುಂಬಿದ ಫ್ರಿಜ್. ಫೀಲ್ಡ್ ಆಫೀಸಿನಲ್ಲಿ ಹ್ಯಾಂಗರ್‌ಗಾಗಿ ಕಾಯುವವರ ಪಟ್ಟಿ ಎರಡು ಪುಟ ಇತ್ತು! ಬಾಡಿಗೆ ಎಷ್ಟೋ ವರ್ಷದಿಂದ ಏರಿರಲಿಲ್ಲ, ಹಾಗಾಗಿ ಅದು ಊರಿನ ಗೋಡೌನ್‌ಗಿಂತ ಅಗ್ಗ. ಬಿಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಹ್ಯಾಂಗರ್ ಇರುವುದು ವಿಮಾನಕ್ಕೇ ಅಂತ ಫೆಡರಲ್ ನಿಯಮ ಏನೋ ಇದೆ. ಬಾಗಿಲು ತೆಗೆಸಿ ನೋಡುವವರು ಬೇಕಲ್ಲ! ಬಾಡಿಗೆ 40 ಡಾಲರ್ ಏರಿಸಿ ಅಂತ ನಾನು ಬರೆದುಕೊಟ್ಟೆ. ಸಭೆಯಲ್ಲಿ ಪೈಲಟ್‌ಗಳು ನನ್ನನ್ನು ತಿಂದುಹಾಕುವುದೊಂದು ಬಾಕಿ.

ಆ ಊರಿನವರು ಹೆಮ್ಮೆಯಿಂದ ಹೇಳಿದ್ದು, "ನಮಗೆ ನಷ್ಟ ಇಲ್ಲ" ಅಂತ. ಪುಸ್ತಕದಲ್ಲಿ ನಿಜವಾಗಿಯೂ ನಷ್ಟ ಇರಲಿಲ್ಲ. ಆದರೆ ರನ್‌ವೇ ಮೇಲೆ ನಡೆದರೆ ಬಿರುಕಿನಲ್ಲಿ ಹುಲ್ಲು ಪಾದದವರೆಗೆ ಬೆಳೆದಿತ್ತು. ಆ ಬಿರುಕು ಯಾವ ಲೆಕ್ಕದಲ್ಲೂ ಇಲ್ಲ.

ಒಂದು ಉದಾಹರಣೆ ನೋಡಿ. ರನ್‌ವೇ 3,000 ಅಡಿ ಉದ್ದ, 75 ಅಡಿ ಅಗಲ ಅಂದುಕೊಳ್ಳಿ. 2,25,000 ಚದರ ಅಡಿ ಆಯಿತು. ಹೊಸದಾಗಿ ಡಾಂಬರು ಹಾಕಲು ಚದರ ಅಡಿಗೆ 8 ಡಾಲರ್ ಹಿಡಿದರೆ 18 ಲಕ್ಷ ಡಾಲರ್. 20 ವರ್ಷಕ್ಕೊಮ್ಮೆ ಈ ಕೆಲಸ ಅಂದರೆ ವರ್ಷಕ್ಕೆ 90,000 ಎತ್ತಿಡಬೇಕು. ಫೀಲ್ಡ್‌ನಲ್ಲಿ 60 ಹ್ಯಾಂಗರ್ ಇದ್ದರೆ ಒಂದೊಂದರ ಮೇಲೆ ತಿಂಗಳಿಗೆ 125 ಡಾಲರ್ ಜಾಸ್ತಿ ಬೀಳುತ್ತದೆ. ಬರೀ 40ಕ್ಕೇ ನನಗೆ ಆ ಗತಿ!

ಇಲ್ಲಿ ಕೈ ಹಿಡಿಯುವುದು ಎಫ್‌ಎಎ, ಅಂದರೆ ಫೆಡರಲ್ ವಿಮಾನಯಾನ ಆಡಳಿತ. ಅದರ ಪಟ್ಟಿಯಲ್ಲಿರುವ ಸಣ್ಣ ಫೀಲ್ಡ್‌ಗೆ ಇಂಥ ಕೆಲಸದ ಖರ್ಚಿನಲ್ಲಿ ಸಾಮಾನ್ಯವಾಗಿ 90% ಗ್ರಾಂಟ್ ಸಿಗುತ್ತದೆ. ಆಗ ಆ 125 ಡಾಲರ್ 12.50ಕ್ಕೆ ಇಳಿಯುತ್ತದೆ. ಇದರ ಜೊತೆ ಬರುವ ಷರತ್ತುಗಳು ಮಾತ್ರ ಗಟ್ಟಿ. ಫೀಲ್ಡ್‌ನ ಆದಾಯ ಫೀಲ್ಡ್‌ಗೇ ಖರ್ಚಾಗಬೇಕು, ಊರಿನ ಪಾರ್ಕಿಗೆ ತಿರುಗಿಸುವಂತಿಲ್ಲ. ಗ್ರಾಂಟ್ ತೆಗೆದುಕೊಂಡ ಮೇಲೆ ಸಾಮಾನ್ಯವಾಗಿ 20 ವರ್ಷ ಫೀಲ್ಡ್ ನಡೆಸಲೇಬೇಕು. ಗ್ರಾಂಟ್‌ನಲ್ಲಿ ಜಮೀನು ಕೊಂಡಿದ್ದರೆ ಆ ಷರತ್ತಿಗೆ ಕೊನೆಯೇ ಇಲ್ಲ. ಅದಕ್ಕೇ ಹೊಸ ಫೀಲ್ಡ್‌ಗೆ ಹೋದಾಗ ನಾನು ಲಾಭ-ನಷ್ಟದ ಪಟ್ಟಿಗಿಂತ ಮೊದಲು ಕೇಳುವುದು ಕೊನೆಯ ಗ್ರಾಂಟ್ ಯಾವ ವರ್ಷದ್ದು ಅಂತ.

ರೀಡ್-ಹಿಲ್‌ವ್ಯೂ ವಿಷಯದಲ್ಲಿ ಆ ವರ್ಷ 2011. ಅದನ್ನು ಸಾಂತಾ ಕ್ಲಾರಾ ಕೌಂಟಿ 1961ರಲ್ಲಿ ಕೊಂಡಿತ್ತು. 2011ರ ನಂತರ ಕೌಂಟಿ ಹೊಸ ಗ್ರಾಂಟ್ ತೆಗೆದುಕೊಂಡಿಲ್ಲ, 20 ಕೂಡಿಸಿದರೆ 2031. ಆಮೇಲೆ ಮುಚ್ಚಿ ಮನೆ ಕಟ್ಟಬಹುದು ಅನ್ನುವುದು ಅವರ ಲೆಕ್ಕ. ಸೀಸದ ಭಯವೂ ಸೇರಿಕೊಂಡಿತು. ಸಣ್ಣ ವಿಮಾನಗಳ 100ಎಲ್‌ಎಲ್ ಪೆಟ್ರೋಲಿನಲ್ಲಿ ಈಗಲೂ ಸೀಸ ಇರುತ್ತದೆ. ಏರ್‌ಪೋರ್ಟಿಗೆ ಹತ್ತಿರ ಇದ್ದಷ್ಟೂ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಅಂತ ಕೌಂಟಿ ಮಾಡಿಸಿದ ಅಧ್ಯಯನ 2021ರಲ್ಲಿ ಹೇಳಿತು. 2022ರ ಜನವರಿ 1ರಿಂದ ಅಲ್ಲಿ ಆ ಇಂಧನ ಮಾರಾಟ ನಿಂತಿತು. ಬದಲಿಗೆ ಬಂದ ಸೀಸವಿಲ್ಲದ ಯುಎಲ್94 ತರಬೇತಿಯ ಎಷ್ಟೋ ಸೆಸ್ನಾಗಳಿಗೆ ಸಾಕು, ಹೆಚ್ಚು ಕಂಪ್ರೆಷನ್ ಇರುವ ಎಂಜಿನ್‌ಗಳಿಗೆ ಆಗದು. ಅಂಥ ವಿಮಾನದವರು ಬೇರೆ ಕಡೆ ತುಂಬಿಸಿಕೊಂಡು ಬರಬೇಕಾಯಿತು. ಮಕ್ಕಳ ವಿಷಯದಲ್ಲಿ ನನಗೆ ತಕರಾರಿಲ್ಲ. ಆದರೆ ಸೀಸಕ್ಕೆ ಮದ್ದು ಬೇರೆ ಇಂಧನ. ಅದಕ್ಕೆ ಫೀಲ್ಡ್ ಮುಚ್ಚಲೇಬೇಕು ಅಂತಿಲ್ಲ.

1989ರ ಲೋಮಾ ಪ್ರಿಯೇಟಾ ಭೂಕಂಪದಲ್ಲಿ ವಾಟ್ಸನ್‌ವಿಲ್‌ಗೆ ಹೋಗುವ ರಸ್ತೆಗಳು ಕುಸಿದಾಗ ಸಾಮಾನು ಮುಟ್ಟಿಸಿದ್ದು ಇಂಥ ಸಣ್ಣ ವಿಮಾನಗಳೇ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಭಾವನಿಗೂ ಅದನ್ನೇ ಕೇಳಿದೆ, ನಕ್ಕರು.

ಈಗಲೂ ರೀಡ್-ಹಿಲ್‌ವ್ಯೂನಲ್ಲಿ ಹ್ಯಾಂಗರ್ ಹಿಡಿಯಬೇಕು ಅಂತ ಸ್ನೇಹಿತರು ಫೋನ್ ಮಾಡುತ್ತಾರೆ. ಹಿಡಿಯಿರಿ, ಆದರೆ ಕರಾರು ತಿಂಗಳು ತಿಂಗಳಿನದ್ದಾಗಿರಲಿ, ಒಳಗೆ ಸ್ವಂತ ದುಡ್ಡು ಸುರಿದು ಏನೂ ಕಟ್ಟಿಸಬೇಡಿ ಅನ್ನುತ್ತೇನೆ.