ಅಮೆರಿಕದ ಶಾಲೆಗಳು, ಕೇಂದ್ರದ ದುಡ್ಡು ಮತ್ತು ರಾನ್ ಪಾಲ್

ಕೇಂದ್ರ ಶಿಕ್ಷಣ ಇಲಾಖೆಯನ್ನು ಮುಚ್ಚಲು ಸಿದ್ಧತೆ ಮಾಡಿ ಎಂದು ಟ್ರಂಪ್ 2025ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದರು. ಹಲವರಿಗೆ ಇದು ಹೊಸದಾಗಿ ಕಂಡಿತು. ಆದರೆ ಈ ಬೇಡಿಕೆಗೂ ಆ ಇಲಾಖೆಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ. ಶಾಲೆ ನಡೆಸುವುದು ರಾಜ್ಯಗಳ, ಊರುಗಳ ಹೊಣೆ. 1965ರಲ್ಲಿ ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಹಣ ಬಂತು. 1975ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಕಾಯ್ದೆ ಬಂತು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಈ ಇಲಾಖೆ ಕಟ್ಟಿದರು. ಮರುವರ್ಷವೇ ಅದನ್ನು ಮುಚ್ಚುವ ಮಾತು ಕೊಟ್ಟು ರಿಪಬ್ಲಿಕನ್ ಪಕ್ಷದ ರೇಗನ್ ಅಧ್ಯಕ್ಷ ಚುನಾವಣೆ ಗೆದ್ದರು, ಮುಚ್ಚಲಿಲ್ಲ. 2002ರಲ್ಲಿ ಅದೇ ಪಕ್ಷದ ಅಧ್ಯಕ್ಷ ಬುಷ್, 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡುವ ಕಾಯ್ದೆ ತಂದು ಕೇಂದ್ರದ ಹಿಡಿತ ಇನ್ನೂ ಜಾಸ್ತಿ ಮಾಡಿದರು.

ಆ ಕಾಯ್ದೆಯ ವಿರುದ್ಧ ಮತ ಹಾಕಿದವರಲ್ಲಿ ಟೆಕ್ಸಾಸ್‌ನ ಆಗಿನ ಸಂಸದ ರಾನ್ ಪಾಲ್ ಒಬ್ಬರು. ವೃತ್ತಿಯಲ್ಲಿ ಹೆರಿಗೆ ವೈದ್ಯರು. ಸಂವಿಧಾನದಲ್ಲಿ ಇಲ್ಲದ ಕೆಲಸಕ್ಕೆ ಕೇಂದ್ರ ಕೈಹಾಕಬಾರದು ಎಂಬುದು ಅವರ ಪಟ್ಟು. ನುಡಿದಂತೆ ನಡೆದವರು ಕೂಡ: ತಮ್ಮ ಕ್ಲಿನಿಕ್‌ನಲ್ಲಿ ಸರ್ಕಾರಿ ಆರೋಗ್ಯ ಯೋಜನೆಗಳ ಹಣ ಮುಟ್ಟಲಿಲ್ಲ. ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದಾಗ, 2011ರಲ್ಲಿ, ಮೊದಲ ವರ್ಷವೇ 1 ಲಕ್ಷ ಕೋಟಿ ಡಾಲರ್ ಖರ್ಚು ಕಡಿತ ಮಾಡುವ ಯೋಜನೆ ಮುಂದಿಟ್ಟರು. ಶಿಕ್ಷಣವೂ ಸೇರಿ ಐದು ಇಲಾಖೆಗಳಿಗೆ ಬೀಗ. ಕೇಂದ್ರದ ವಿದ್ಯಾರ್ಥಿ ಸಾಲವೂ ಕ್ರಮೇಣ ನಿಲ್ಲಬೇಕು ಎಂದರು. ಸಾಲ ಸಲೀಸಾಗಿ ಸಿಕ್ಕಷ್ಟೂ ಕಾಲೇಜುಗಳು ಫೀಸು ಏರಿಸುತ್ತವೆ ಎಂಬುದು ಅವರ ವಾದ. ಸಾಲ ಹೊತ್ತ ಎಷ್ಟೋ ಯುವಕರೇ ಅವರ ಸಭೆಗಳಲ್ಲಿ ಚಪ್ಪಾಳೆ ಹೊಡೆದರು. ವಾದವನ್ನು ಸುಮ್ನೆ ತಳ್ಳಿಹಾಕಲು ಆಗದು, ಫೀಸು ಏರಿದ್ದಂತೂ ನಿಜ.

ಶಾಲೆಯ ಲೆಕ್ಕ ಮಾತ್ರ ಬೇರೆ. ಶಾಲೆಗಳ ಖರ್ಚಿನಲ್ಲಿ ಕೇಂದ್ರದ ಪಾಲು ಸುಮಾರು ಹತ್ತರಲ್ಲಿ ಒಂದು. ಉಳಿದದ್ದು ರಾಜ್ಯದ್ದು, ಊರಿನದು. ಊರಿನ ಪಾಲು ಹೆಚ್ಚಾಗಿ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಶಾಲೆಗೂ ದುಡ್ಡು ಜಾಸ್ತಿ. ಅಲ್ಲಿ ನೆಲೆಸಿದ ನಮ್ಮವರೂ ಮನೆ ಕೊಳ್ಳುವಾಗ ಮೊದಲು ಕೇಳುವುದು 'ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ', ಅಂದರೆ ಆ ಭಾಗದ ಸರ್ಕಾರಿ ಶಾಲೆಗಳು ಹೇಗಿವೆ ಅಂತಲೇ ಅಲ್ವಾ? ಹಾಗೆ ಆಯ್ದುಕೊಳ್ಳಲು ಆಗದವರ ಮಕ್ಕಳಿಗೆ ಆ ಹತ್ತನೇ ಒಂದು ಪಾಲು ದೊಡ್ಡದು. ಪೋಷಕರಿಗೆ ತೆರಿಗೆ ರಿಯಾಯಿತಿ ಕೊಟ್ಟರೆ ಅವರೇ ಶಾಲೆ ಆರಿಸಿಕೊಳ್ಳುತ್ತಾರೆ ಎಂದು ಪಾಲ್ ಹೇಳುತ್ತಿದ್ದರು. ಆದರೆ ತೆರಿಗೆ ಕಟ್ಟುವಷ್ಟು ಸಂಪಾದನೆಯೇ ಇಲ್ಲದ ಮನೆಗೆ ರಿಯಾಯಿತಿಯಿಂದ ಏನು ಬಂತು?

ಅಂಗವಿಕಲ ಮಕ್ಕಳ ಹೆಚ್ಚುವರಿ ಖರ್ಚಿಗೆ, ಒಬ್ಬ ವಿದ್ಯಾರ್ಥಿಗೆ ಆಗುವ ದೇಶದ ಸರಾಸರಿ ಖರ್ಚಿನ ಶೇ 40ರವರೆಗೆ ಕೊಡುತ್ತೇವೆ ಎಂದು ಕೇಂದ್ರ 1975ರಲ್ಲೇ ಒಪ್ಪಿತ್ತು. ಯಾವ ಪಕ್ಷದ ಸರ್ಕಾರವೂ ಅಷ್ಟು ಕೊಟ್ಟಿಲ್ಲ.

ಇಲಾಖೆ ಹುಟ್ಟಿದ್ದು ಸಂಸತ್ತಿನ ಕಾಯ್ದೆಯಿಂದ, ಪೂರ್ತಿ ಮುಚ್ಚಬೇಕಾದರೂ ಸಂಸತ್ತೇ ಒಪ್ಪಬೇಕು. ಇಲಾಖೆಯ ಸಿಬ್ಬಂದಿಯನ್ನು ಸುಮಾರು ಅರ್ಧಕ್ಕೆ ಇಳಿಸುವ ಟ್ರಂಪ್ ಸರ್ಕಾರದ ಕ್ರಮಕ್ಕೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ ಅಡ್ಡಿ ಮಾಡಲಿಲ್ಲ. 1965 ಮತ್ತು 1975ರ ಕಾಯ್ದೆಗಳು ಹೊಸ ಹೆಸರಿನಲ್ಲಿ ಈಗಲೂ ಜಾರಿಯಲ್ಲಿವೆ. ಆ ಹಣ ಹಂಚಬೇಕು, ಅದು ಮಕ್ಕಳಿಗೆ ತಲುಪಿತೇ ಎಂದು ಯಾರಾದರೂ ನೋಡಲೇಬೇಕು.