ಬೋಲ್ಟಿಗೆ ನಾಲ್ಕು ದಿನ ಕೊಡಿ

ನಿವೃತ್ತರಾದ ಮೇಲೆ ಹಳೆ ಗಾಡಿ ಸರಿಮಾಡಬೇಕು ಅಂತ ಬಳ್ಳಾರಿಯ ನನ್ನ ಗ್ಯಾರೇಜಿಗೆ ಬರುವವರು ಮೊದಲು ಕೇಳುವುದು ಪೇಂಟ್ ವಿಷಯ. ಯಾವ ಬಣ್ಣ, ಎಷ್ಟು ಕೋಟ್, ಎಷ್ಟು ಖರ್ಚು? ನಾನು ಅವರನ್ನು ಜಂಗು ಹಿಡಿದ ಒಂದು ಬೋಲ್ಟಿನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಕೆಲಸ ಶುರುವಾಗುವುದೇ ಅಲ್ಲಿ.

ಸಂಡೂರು ಗುಡ್ಡದ ಅದಿರು ನೋಡಿದ್ದೀರಲ್ವಾ? ಅದು ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದದ್ದು. ತುಕ್ಕೂ ಅದೇ ಕುಲದ್ದು, ಜೊತೆಗೆ ನೀರಿನ ಅಂಶ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಕೂತು ನಟ್ಟನ್ನು ಬಿಗಿಯುತ್ತದೆ. ಪಾನಾಕ್ಕೆ ಪೈಪ್ ಹಾಕಿ ಜಗ್ಗಿದರೆ ನಟ್ಟು ಬರುವುದಿಲ್ಲ, ಬೋಲ್ಟಿನ ತಲೆ ಕಿತ್ತು ಬರುತ್ತದೆ. ಆಮೇಲೆ ಡ್ರಿಲ್ಲು, ಹೊಸ ಥ್ರೆಡ್ ಕೊರೆಯುವ ಟ್ಯಾಪು, ಲೇತ್ ಅಂಗಡಿಗೆ ಓಡಾಟ.

ಅದರ ಬದಲು ನಟ್ಟಿನ ಸಂದಿಗೆ ಎಣ್ಣೆ ಹಾಕಿ. ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಹಾಕಿ. ಬಿಟ್ಟು ಹೋಗಿ ಊಟ ಮಾಡಿ. ಸಂಜೆ ಮತ್ತೆ ಎಣ್ಣೆ. ಹೀಗೆ ನಾಲ್ಕು ದಿನ. ಐದನೇ ದಿನ ಮೊದಲು ಸ್ವಲ್ಪ ಬಿಗಿಯುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ನನಗೆ ಒಂದು ಬೋಲ್ಟಿಗೆ ನಾಲ್ಕು ದಿನ ಕೊಡಲು ಆಗುವುದಿಲ್ಲ, ಹಿಂದೆ ಹತ್ತು ಗಾಡಿ ಕಾಯುತ್ತಿರುತ್ತವೆ. ನಿಮಗೆ ಆಗುತ್ತದೆ. ಅದಕ್ಕೇ ಈ ಕೆಲಸ ಗ್ಯಾರೇಜಿನವರಿಗಿಂತ ನಿವೃತ್ತರ ಕೈಯಲ್ಲಿ ಚೆನ್ನಾಗಿ ಆಗುತ್ತದೆ ಅನ್ನುವುದು ನನ್ನ ಅನುಭವ.

ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಹಿತ್ತಿಲಲ್ಲಿ ನಿಂತಿದ್ದ ತಮ್ಮ ಯೆಜ್ಡಿ ಬೈಕನ್ನು ತೋರಿಸಿದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಅಲ್ಲಿ 1961ರಿಂದ ಜಾವಾ ತಯಾರಾಯಿತು, 1973ರಿಂದ ಯೆಜ್ಡಿ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೇಷ್ಟ್ರ ಗಾಡಿಯ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮಗ ಬಂದಾಗಲೆಲ್ಲ ಕಿಕ್ಕರ್ ಮೇಲೆ ನಿಂತು ತುಳಿಯುತ್ತಿದ್ದನಂತೆ. ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಹಾಗೆ ತುಳಿದು ಒಳಗಿನ ಗೇರಿನ ಹಲ್ಲು ಮುರಿದರೆ ಇಂಜಿನ್ನೇ ಬಿಚ್ಚಬೇಕಾಗಬಹುದು. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಿಂದ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಹಾಕಿಸಿದೆ. ಕಾಯಲು ಹೇಳಿದೆ.

ಕಬ್ಬಿಣ ಉಜ್ಜುವ ಗ್ರೈಂಡರ್ ಮಷಿನ್ ಮಾತ್ರ ದೂರ ಇಡಿ. ಹೊಸದಾಗಿ ಕೆಲಸ ಕಲಿಯುವಾಗ ಒಂದು ಹಳೆ ಸ್ಕೂಟರಿನ ತುಕ್ಕು ತೆಗೆಯಲು ಹೋಗಿ ಚಾಸಿ ನಂಬರನ್ನೂ ಉಜ್ಜಿಬಿಟ್ಟಿದ್ದೆ. ಆ ಮಾಲೀಕರಿಗೆ ಕಾಗದದ ತೊಂದರೆ ತಂದಿಟ್ಟವನು ನಾನೇ. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಈಗ ಯಾವ ಗಾಡಿ ಬಂದರೂ ಮೊದಲು ಚಾಸಿ ನಂಬರ್ ಮತ್ತು ಇಂಜಿನ್ ನಂಬರಿನ ಫೋಟೊ ತೆಗೆದು, ಅಲ್ಲಿ ಗ್ರೀಸ್ ಸವರಿ ಟೇಪ್ ಸುತ್ತುತ್ತೇನೆ.

ಚಿಕ್ಕ ಕಬ್ಬಿಣದ ಭಾಗಗಳಿಗೆ ನನ್ನ ಇಷ್ಟದ ದಾರಿ ವಾಷಿಂಗ್ ಸೋಡಾ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ ಕರಗಿಸಿ. ಕಾರಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕಿನ ಭಾಗಕ್ಕೆ, ಪ್ಲಸ್ ತಂತಿ ಒಂದು ಗುಜರಿ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಆ ತುಂಡು ಸ್ಟೀಲ್ ಪಾತ್ರೆಯದ್ದಾಗಿರಬಾರದು. ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಕಾರ್ಬುರೇಟರ್, ಅಲ್ಯೂಮಿನಿಯಂ ಭಾಗ, ಸ್ಪ್ರಿಂಗ್ ಯಾವುದನ್ನೂ ಇದರಲ್ಲಿ ಮುಳುಗಿಸಬೇಡಿ. ಹೈಡ್ರೋಜನ್ ಗಾಳಿ ಹೊರಡುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೀಡಿ, ಬೆಂಕಿ ಬೇಡ. ಚಾರ್ಜರ್ ಆಫ್ ಮಾಡದೆ ನೀರಿಗೆ ಕೈ ಹಾಕಬೇಡಿ. ಮರುದಿನ ತುಕ್ಕು ಕಪ್ಪಾಗಿ ಸಡಿಲವಾಗಿರುತ್ತದೆ, ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಒಳ್ಳೆ ಕಬ್ಬಿಣ ಹಾಗೇ ಉಳಿಯುತ್ತದೆ. ತೊಳೆದು ನಮ್ಮ ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ. ಅವತ್ತೇ ಪ್ರೈಮರ್, ಅಂದರೆ ಪೇಂಟಿನ ಕೆಳಗಿನ ಮೊದಲ ಕೋಟ್, ಹೊಡೆಯಿರಿ. ಬೆವರಿನ ಕೈ ತಾಗಿದರೂ ಮತ್ತೆ ತುಕ್ಕು ಶುರು.

ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ಹುಷಾರು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು. ಸುಮ್ನೆ ವೆಲ್ಡಿಂಗಿಗೆ ಕೊಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಹೀರಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ ಒಣಗಿಸಿ, ಹಳೆ ರಬ್ಬರ್ ಪೈಪ್ ಬದಲಿಸಿ. ಬ್ರೇಕ್ ಡ್ರಮ್ಮಿನ ಧೂಳನ್ನು ಊದಬೇಡಿ. ಹಳೆ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಗುಜರಿಯಿಂದ ಗಾಡಿ ತರುವವರು ಮೊದಲು ಆರ್‌ಸಿ ಕೇಳಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಗೆ 50 ವರ್ಷ ದಾಟಿ, ಮೂಲ ರೂಪ ಉಳಿದಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಇದೆ. ಆದರೆ ಅದನ್ನು ದಿನಾ ಮಾರ್ಕೆಟ್ಟಿಗೆ ಓಡಿಸುವಂತಿಲ್ಲ. ದಿನಬಳಕೆಗೆ ಬೇಕೆಂದರೆ ಆ ದಾರಿ ಹಿಡಿಯಬೇಡಿ.

ಇನ್ನು ಪೇಂಟ್. ಬೇಸಿಗೆಯಲ್ಲಿ ತಗಡು ಕಾದಿರುತ್ತದೆ, ಬಣ್ಣ ಹರಡುವ ಮೊದಲೇ ಥಿನ್ನರ್ ಹಾರಿ ಮೈ ಒರಟಾಗುತ್ತದೆ. ಬೆಳಗ್ಗೆ ಬೇಗ ಮುಗಿಸಿ. ನೆಲಕ್ಕೆ ನೀರು ಚಿಮುಕಿಸಿ, ಇಲ್ಲವಾದರೆ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂರುತ್ತದೆ.

ಮೇಷ್ಟ್ರು ಮೊನ್ನೆ ಫೋನ್ ಮಾಡಿದ್ದರು. ಡೀಸೆಲ್ ಹಾಕಿ ಮೂರನೇ ವಾರ.

"ಏನಪ್ಪಾ, ಗೇರ್ ಹಾಕಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿದೆ. ಪಿಸ್ಟನ್ ಒಂದು ನೂಲು ಅಲುಗಿತು!" ಅಂದರು. ದನಿಯಲ್ಲಿ ಹುಡುಗನ ಖುಷಿ.

"ಇನ್ನೊಂದು ವಾರ ಕಿಕ್ಕರ್ ಮುಟ್ಟಬೇಡಿ ಸಾರ್" ಅಂದೆ.